ಪರದೇಶದ ಹಳೆವಸ್ತು ಪೇಟೆಯಲ್ಲಿ ಸಿದ್ಧಾಂತಗ್ರಂಥದ ಗರಿಗಳು

ಹಸ್ತಪ್ರತಿಯೊಂದರ ಲಿಪಿ, ಪಾಠ, ಕಾಲ ಇವುಗಳ ವಿಚಾರವಾಗಿ ನಮ್ಮ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಪ್ರತಿಯು ಕೈಯಿಂದ ಕೈಗೆ ಹೇಗೆ ಸಾಗಿತು, ಯಾರು ಅದನ್ನು ಬರೆಯಿಸಿ ಯಾರಿಗೆ ಕೊಟ್ಟರು, ಮುಂದೆ ಯಾರು ಕೊಂಡರು ಎಂಬ ವಿಚಾರಕ್ಕೆ ಅಷ್ಟು ಗಮನ ಸಂದಿಲ್ಲ. ಉದ್ಯೋಗಕ್ಕಾಗಿಯೋ ಪ್ರವಾಸಕ್ಕಾಗಿಯೋ ವಿದೇಶಗಳಿಗೆ ಹೋಗಿಬರುವ ಶ್ರಾವಕರ ಸಂಖ್ಯೆ ಈಗ ಹೆಚ್ಚಿದೆ. ಅಲ್ಲಿಯ ಹಳೆವಸ್ತು ಅಂಗಡಿಗಳಲ್ಲಿ ಜಿನಬಿಂಬವೋ ಓಲೆಗರಿಯೋ ಕಣ್ಣಿಗೆ ಬಿದ್ದಾಗ, ಅನ್ಯರ ಕೈಯಲ್ಲಿ ಬಿದ್ದಿರುವುದನ್ನು ಬಿಡಿಸಿ ತರಬೇಕೆಂಬ ಭಾವ ಅವರಲ್ಲಿ ಮೂಡುವುದು ಸಹಜ. ಇಂತಹ ಖರೀದಿ ಯುಕ್ತವೇ? ಕೊಳ್ಳುವ ಮುನ್ನ ಪರೀಕ್ಷಿಸಬೇಕಾದುದೇನು? ಇದರಲ್ಲಿ ನಮ್ಮ ಭಂಡಾರಗಳ ಹೊಣೆ ಎಷ್ಟು? ಈ ಪ್ರಶ್ನೆಗಳನ್ನು ಒಂದು ಪ್ರತ್ಯಕ್ಷ ಪ್ರಸಂಗದ ಆಧಾರದಿಂದ ವಿಚಾರ ಮಾಡುವುದು ಪ್ರಕೃತ ಲೇಖನದ ಉದ್ದೇಶ.

ಹೊರಮಾವಿನಲ್ಲಿ ಕಂಡ ಐದು ಗರಿಗಳು

ಬೆಂಗಳೂರಿನ ಪೂರ್ವಭಾಗದಲ್ಲಿ, ಬಾಣಸವಾಡಿಯ ಆಚೆಗಿರುವ ಹೊರಮಾವು ಒಂದು ತಲೆಮಾರಿನ ಹಿಂದೆ ಕೆರೆ, ತೋಟಗಳ ಗ್ರಾಮ. ನಗರವು ವರ್ತುಲ ರಸ್ತೆಯನ್ನು ದಾಟಿ ಬೆಳೆದ ಮೇಲೆ ಅಲ್ಲಿ ಬಡಾವಣೆಗಳೆದ್ದು, ನಾಡಿನ ಬೇರೆ ಬೇರೆ ಭಾಗಗಳ ಕುಟುಂಬಗಳು ನೆಲೆಸಿವೆ. ತೀರ್ಥಹಳ್ಳಿಯ ಕಡೆಯಿಂದ ಬಂದು ಅಲ್ಲಿ ಮನೆ ಮಾಡಿಕೊಂಡಿರುವ ಒಂದು ದಿಗಂಬರ ಜೈನ ಕುಟುಂಬದವರು ತಮ್ಮ ಮನೆಗೆ ಬಂದಿರುವ ಕೆಲವು ಗರಿಗಳನ್ನು ಓದಿ ಹೇಳಬೇಕೆಂದು ಈ ಲೇಖಕನನ್ನು ಕರೆಯಿಸಿಕೊಂಡರು.

ಆ ಮನೆಯ ಮಗ ಕಚೇರಿಯ ಕೆಲಸದ ಮೇಲೆ ಲಂಡನ್ನಿಗೆ ಹೋಗಿದ್ದವರು. ರಜೆಯ ದಿನ ಹಳೆವಸ್ತುಗಳ ಸಂತೆಯೊಂದರಲ್ಲಿ ಸುತ್ತುತ್ತಿದ್ದಾಗ, ಹಿತ್ತಾಳೆಯ ದೀಪಗಳು, ಮುರಿದ ಗಡಿಯಾರಗಳು, ಹಳೆಯ ಭೂಪಟಗಳು ಇವುಗಳ ನಡುವೆ ಓಲೆಗರಿಗಳ ಸಣ್ಣ ಕಟ್ಟೊಂದು ಅವರ ಕಣ್ಣಿಗೆ ಬಿತ್ತು. ಜೊತೆಗಿದ್ದ ಚೀಟಿಯಲ್ಲಿ ಸಿಂಹಳದ ಬೌದ್ಧ ಪ್ರಾರ್ಥನೆಯ ಗರಿಗಳು ಎಂದು ಬರೆದಿತ್ತಂತೆ. ಅಕ್ಷರಗಳು ದುಂಡಾಗಿರುವುದರಿಂದ ಪರದೇಶದವರು ಕನ್ನಡವನ್ನು ಸಿಂಹಳವೆಂದು ತಿಳಿಯುವುದು ಅಸಂಭವವಲ್ಲ. ತರುಣರಿಗೆ ಹಳೆಯ ಲಿಪಿಯನ್ನು ಓದಲು ಬಾರದು. ಆದರೂ ‘ಜೀವ’ ಎಂಬ ಶಬ್ದವೊಂದು ಓದಿಗೆ ಸಿಕ್ಕಿತು, ಅಷ್ಟೇ ಸಾಕಾಯಿತು. ಐದು ಗರಿಗಳನ್ನು ಕೊಂಡು ಮನೆಗೆ ತಂದರು.

ನಾವು ಹೋದಾಗ ಗರಿಗಳು ದೇವರ ಕೋಣೆಯಲ್ಲಿ, ಹಳದಿ ವಸ್ತ್ರದ ಮೇಲೆ ಇದ್ದುವು. ಮನೆಯ ಅಜ್ಜಿ ಪ್ರತಿದಿನ ಅವಕ್ಕೆ ಅರ್ಘ್ಯ ಸಮರ್ಪಿಸುತ್ತಿದ್ದರು. ಗರಿಗಳನ್ನು ಬಿಚ್ಚಿ ನೋಡಲಾಗಿ, ಪತ್ರಾಂಕಗಳು ಕ್ರಮವಾಗಿ 141, 142, 147, 158, 163. ಪ್ರಾಕೃತ ಗಾಹೆಗಳು, ಒಂದೊಂದು ಗಾಹೆಯ ಕೆಳಗೆ ಸಂಸ್ಕೃತಭೂಯಿಷ್ಠವಾದ ಕನ್ನಡದ ವ್ಯಾಖ್ಯಾನ. ಮೊದಲೆರಡು ಗರಿಗಳಲ್ಲಿ ಕಷಾಯಮಾರ್ಗಣೆ, ಉಳಿದ ಮೂರರಲ್ಲಿ ಜ್ಞಾನಮಾರ್ಗಣೆ. ಇದು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೋಮ್ಮಟಸಾರದ ಜೀವಕಾಂಡಕ್ಕೆ ಕೇಶವವರ್ಣಿಯು ಕ್ರಿ.ಶ. 1359ರಲ್ಲಿ ರಚಿಸಿದ ಕರ್ಣಾಟಕವೃತ್ತಿ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿರಲಿಲ್ಲ.

ಇದನ್ನು ತಿಳಿಸಿದಾಗ ಮನೆಯವರಿಗೆ ಆದ ಸಂತೋಷವನ್ನು ವರ್ಣಿಸಬೇಕಾಗಿಲ್ಲ. ಅನಂತರ ಅವರು ಒಂದು ಪ್ರಶ್ನೆಯನ್ನು ಮುಂದಿಟ್ಟರು. ಮಾರಿದಾತನ ಬಳಿ ಇನ್ನೂ ಗರಿಗಳಿವೆ, ಒಂದೊಂದಕ್ಕೆ ಇಷ್ಟು ಹಣವೆಂದು ಪತ್ರ ಬರೆದಿದ್ದಾನೆ, ಕೊಳ್ಳಬಹುದೆ? “ಶಾಸ್ತ್ರ ಪರರ ಅಂಗಡಿಯಲ್ಲಿ ಬಿದ್ದಿರುವಾಗ ಸುಮ್ಮನಿರುವುದು ಹೇಗೆ, ಪಂಡಿತರೇ?” ಎಂದು ಅಜ್ಜಿ ಕೇಳಿದರು. ಉತ್ತರವನ್ನು ಆ ಕ್ಷಣದಲ್ಲಿ ಕೊಡಲು ನಮಗೆ ಸಾಧ್ಯವಾಗಲಿಲ್ಲ. ಮುಂದಿನ ವಿವೇಚನೆಯೆಲ್ಲ ಆ ಪ್ರಶ್ನೆಯಿಂದ ಹುಟ್ಟಿದುದು.

ಗರಿಗಳ ಪರೀಕ್ಷೆ

ಮೊದಲು ಗರಿಗಳು ನಿಜವಾಗಿ ಹಳೆಯವೇ ಎಂಬುದನ್ನು ನಿರ್ಣಯಿಸಬೇಕು. ಪ್ರವಾಸಿಗರಿಗಾಗಿ ಹೊಸ ಗರಿಗಳ ಮೇಲೆ ಬರೆದು, ಹೊಗೆ ಹಿಡಿಸಿ ಮಾಸಲು ಬಣ್ಣ ತರಿಸಿ ಮಾರುವುದುಂಟು. ಹಳೆಯ ಕಾಗದದ ಪ್ರತಿಯೊಂದರ ಅಕ್ಷರಗಳ ಮೇಲೆಯೇ ಹೊಸದಾಗಿ ಚಿತ್ರ ಬರೆದು ‘ಚಿತ್ರಿತ ಜೈನ ಪ್ರತಿ’ ಎಂದು ಹೆಚ್ಚಿನ ಬೆಲೆಗೆ ಮಾರುವುದೂ ಉಂಟು. ನಿಜವಾದ ಚಿತ್ರಿತ ಪ್ರತಿಯಲ್ಲಿ ಲಿಪಿಕಾರನು ಚಿತ್ರಕ್ಕೆಂದು ಸ್ಥಳ ಬಿಟ್ಟೇ ಬರೆದಿರುತ್ತಾನೆ. ಬಣ್ಣದ ಕೆಳಗೆ ಅಕ್ಷರಗಳು ಮುಂದುವರಿದು ಕಂಡರೆ ಚಿತ್ರವು ಅನಂತರದ್ದೆಂದು ತಿಳಿಯಬೇಕು. ಎಷ್ಟೋ ಸಲ ಅಂತಹ ಪಾಠಕ್ಕೂ ಚಿತ್ರಕ್ಕೂ ಸಂಬಂಧವೇ ಇರುವುದಿಲ್ಲ.

ಓಲೆಗರಿಯ ವಿಷಯದಲ್ಲಿ ಗಮನಿಸಬೇಕಾದ ಲಕ್ಷಣಗಳು ಕೆಲವಿವೆ. ಕಂಠದಿಂದ ಕೊರೆದ ಅಕ್ಷರಗಳಲ್ಲಿ ತುಂಬಿದ ಕಾಡಿಗೆ ಗೀರಿನ ಒಳಗೆ ನಿಂತಿರಬೇಕು. ಮೇಲ್ಮೈಯಲ್ಲಿ ಹರಡಿ ಒರೆಸಿದಂತೆ ತೋರಬಾರದು. ಗರಿಯ ಹಳೆಯ ಬಿರುಕು ಅಕ್ಷರವನ್ನು ಸೀಳಿ ಹೋಗಿದ್ದರೆ ಬರಹವು ಬಿರುಕಿಗಿಂತ ಹಿಂದಿನದು. ಅಕ್ಷರವು ಬಿರುಕನ್ನು ತಪ್ಪಿಸಿಕೊಂಡು ಸಾಗಿದ್ದರೆ, ಹಳೆಯ ಗರಿಯ ಮೇಲೆ ಅನಂತರ ಬರೆದುದೆಂಬ ಶಂಕೆಗೆ ಎಡೆಯಾಗುತ್ತದೆ. ದಾರದ ರಂಧ್ರದ ಸುತ್ತ ಲಿಪಿಕಾರನು ಸ್ಥಳ ಬಿಟ್ಟಿರಬೇಕು. ರಂಧ್ರವು ಅಕ್ಷರಗಳನ್ನು ತಿಂದಿದ್ದರೆ ಅದನ್ನು ಮುಂದೆ ಯಾರೋ ಕೊರೆದದ್ದು. ಲಿಪಿಯಲ್ಲಿ ಱ, ೞ ಅಕ್ಷರಗಳ ಪ್ರಯೋಗವನ್ನೂ ನೋಡಬೇಕು. ಆದರೆ ಶ್ರದ್ಧಾವಂತನಾದ ಲಿಪಿಕಾರನು ಮೂಲದಲ್ಲಿದ್ದ ಹಳೆಯ ಅಕ್ಷರವನ್ನು ತನ್ನ ಕಾಲದಲ್ಲಿಯೂ ಹಾಗೆಯೇ ಉಳಿಸಿಕೊಳ್ಳುವುದರಿಂದ, ಇದೊಂದನ್ನೇ ನೆಚ್ಚಿ ಕಾಲನಿರ್ಣಯ ಮಾಡಲಾಗದು.

ಇವೆಲ್ಲಕ್ಕಿಂತ ಬಲವಾದ ಸಾಕ್ಷ್ಯ ಹುಳುವಿನದು. ಹುಳು ಕಟ್ಟನ್ನು ಕೊರೆಯುವಾಗ ಒಂದರ ಮೇಲೊಂದಿರುವ ಗರಿಗಳನ್ನು ತೂರಿ ಹೋಗುತ್ತದೆ. ಆದಕಾರಣ ಅಕ್ಕಪಕ್ಕದ ಗರಿಗಳಲ್ಲಿ ತೂತುಗಳು ಒಂದೇ ಸ್ಥಾನದಲ್ಲಿ ಬೀಳುತ್ತವೆ. ಹೊರಮಾವಿನ ಗರಿಗಳಲ್ಲಿ 141 ಮತ್ತು 142ರ ತೂತುಗಳು ಒಂದಕ್ಕೊಂದು ಸರಿಯಾಗಿ ಹೊಂದಿದುವು. 147ರಲ್ಲಿ ತೂತು ಸ್ವಲ್ಪ ಸರಿದಿತ್ತು. 158ರಲ್ಲಿ ಆ ಜಾಡೇ ಇರಲಿಲ್ಲ. ಇದರಿಂದ ಎರಡು ವಿಷಯಗಳು ಸ್ಪಷ್ಟವಾದುವು. ಗರಿಗಳು ಒಂದೇ ಕಟ್ಟಿನವು. ನಡುವಣ ಗರಿಗಳು ಈಚೆಗೆ ಬೇರೆಯಾದಂಥವು. ಕಟ್ಟಿಗೆ ಹೊಂದಿಸಿದ್ದ ಮರದ ಹಲಗೆಗಳು ಮಾತ್ರ ಹೊಚ್ಚ ಹೊಸವು. ಅವುಗಳ ರಂಧ್ರಗಳಿಗೂ ಗರಿಗಳ ರಂಧ್ರಗಳಿಗೂ ಹೊಂದಿಕೆಯಿರಲಿಲ್ಲ.

ಎಂದರೆ ವ್ಯಾಪಾರಿಯು ಒಂದು ಸಮಗ್ರ ಪ್ರತಿಯನ್ನು, ಅಥವಾ ಅದರ ದೊಡ್ಡ ಭಾಗವೊಂದನ್ನು, ಬಿಚ್ಚಿ ಬಿಡಿಬಿಡಿಯಾಗಿ ಮಾರುತ್ತಿದ್ದಾನೆ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಇನ್ನೂರು ಗರಿಗಳ ಕಟ್ಟನ್ನು ಕೊಳ್ಳಲು ಒಬ್ಬ ಗ್ರಾಹಕನೂ ಸಿಗಲಾರನು. ಚೌಕಟ್ಟಿನಲ್ಲಿಟ್ಟು ಗೋಡೆಗೆ ತೂಗುಹಾಕಲು ಒಂದೊಂದು ಗರಿ ಕೊಳ್ಳುವವರು ಇನ್ನೂರು ಮಂದಿ ಸಿಗುತ್ತಾರೆ. ಪಶ್ಚಿಮ ಭಾರತದ ಚಿತ್ರಿತ ಕಲ್ಪಸೂತ್ರ ಪ್ರತಿಗಳ ಗತಿಯೂ ಇದೇ ಆಗಿದೆ. ಅಹಮದಾಬಾದಿನ ದೇವಸಾನೊ ಪಾಡೊ ಭಂಡಾರಕ್ಕೆ ಸೇರಿದ, ಹದಿನೈದನೆಯ ಶತಮಾನದ ಕೊನೆಯ ಭಾಗದ ಪ್ರಸಿದ್ಧ ಪ್ರತಿಯ ಪತ್ರಗಳು ಹಲವು ಸಂಗ್ರಹಗಳಲ್ಲಿ ಚದರಿಹೋಗಿರುವುದು ಕಲೇತಿಹಾಸಕಾರರಿಗೆ ವಿದಿತವೇ ಆಗಿದೆ.

ಕೊನೆಯ ಗರಿಯ ಮಹತ್ವ

ಗೋಮ್ಮಟಸಾರದ ಕರ್ಣಾಟಕವೃತ್ತಿ ಈಗ ಅಪ್ರಕಟಿತವೇನೂ ಅಲ್ಲ. ಡಾ. ಆ. ನೇ. ಉಪಾಧ್ಯೆ ಮತ್ತು ಪಂ. ಕೈಲಾಶಚಂದ್ರ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಭಾರತೀಯ ಜ್ಞಾನಪೀಠವು ಅದನ್ನು ಪ್ರಕಟಿಸಿದೆ. ಹೀಗಿರುವಾಗ ಇನ್ನೊಂದು ಪ್ರತಿಯ ಗರಿಗಳು ಚದರಿಹೋದರೆ ನಷ್ಟವೇನು ಎಂದು ಕೇಳಬಹುದು. ಪಾಠಾಂತರಗಳ ನಷ್ಟವೊಂದಿದೆ. ಅದಕ್ಕಿಂತ ದೊಡ್ಡದು ಪ್ರಶಸ್ತಿಯ ನಷ್ಟ.

ನಮ್ಮ ಪ್ರತಿಗಳಲ್ಲಿ ಗ್ರಂಥವು ಮುಗಿದ ಮೇಲೆ ಲಿಪಿಕಾರನು ತನ್ನ ಹೆಸರು, ಊರು, ಸಂವತ್ಸರ, ತಿಥಿ, ಬರೆಯಿಸಿದ ಶ್ರಾವಕರು, ದಾನ ಪಡೆದ ಮುನಿಗಳು ಇವರ ವಿವರವನ್ನು ಬರೆಯುವ ಸಂಪ್ರದಾಯವಿದೆ. ಕರ್ಮಕ್ಷಯಾರ್ಥವಾಗಿ ಬರೆಯಿಸಿಕೊಟ್ಟುದೆಂಬ ಮಾತೂ ಹಲವೆಡೆ ಬರುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಶಾಸ್ತ್ರದಾನವು ಪ್ರಸಿದ್ಧವಾದುದು. ಹೆಸರು ಉಳಿಯದ ಎಷ್ಟೋ ಸಾಧ್ವಿಯರ ಅದೇ ಪುಣ್ಯಕಾರ್ಯಕ್ಕೆ ಪ್ರತಿಯ ಕೊನೆಯ ಗರಿಯೊಂದೇ ಸಾಕ್ಷಿ.

ಮೂಡುಬಿದಿರೆಯ ಸಿದ್ಧಾಂತ ಪ್ರತಿಗಳನ್ನೇ ನೋಡೋಣ. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯು ಶ್ರೀಪಂಚಮಿ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳೆಂದು ನಮಗೆ ತಿಳಿದಿರುವುದು ಅದರ ಪ್ರಶಸ್ತಿಯಿಂದ. ಧವಲಾ ಪ್ರತಿಯನ್ನು ದೇಮಿಯಕ್ಕನು ಬನ್ನಿಕೆರೆಯ ಶುಭಚಂದ್ರ ಸಿದ್ಧಾಂತದೇವರಿಗೆ ಸಮರ್ಪಿಸಿದಳೆಂಬುದೂ ಪ್ರಶಸ್ತಿಯಿಂದಲೇ ತಿಳಿದುದು. ಶುಭಚಂದ್ರರು ಶಕ 1045, ಎಂದರೆ ಕ್ರಿ.ಶ. 1123ರಲ್ಲಿ ಸಮಾಧಿ ಹೊಂದಿದರೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಈ ಎರಡು ಸಾಕ್ಷ್ಯಗಳನ್ನು ಜೋಡಿಸಿದುದರಿಂದ, ದಾನವು 1123ಕ್ಕೆ ಮೊದಲೇ ನಡೆಯಿತೆಂದೂ, ಆ ಪ್ರತಿಯೂ ಅದರೊಳಗಿನ ಚಿತ್ರಗಳೂ ಹೊಯ್ಸಳ ಕಾಲದ ಆದಿಭಾಗಕ್ಕೆ ಸೇರಿದುವೆಂದೂ ನಿರ್ಣಯಿಸಲು ವಿದ್ವಾಂಸರಿಗೆ ಸಾಧ್ಯವಾಯಿತು. ಪ್ರಶಸ್ತಿಯಿದ್ದ ಗರಿ ಎಲ್ಲಿಯೋ ಕಳೆದುಹೋಗಿದ್ದರೆ ಧವಲೆಯ ಪಾಠವೇನೋ ಉಳಿಯುತ್ತಿತ್ತು; ದೇಮಿಯಕ್ಕನ ದಾನವಾಗಲಿ ಆ ಪ್ರತಿಯ ಕಾಲವಾಗಲಿ ಉಳಿಯುತ್ತಿರಲಿಲ್ಲ.

ಆದುದರಿಂದ ಹೊರಮಾವಿನ ಮನೆಯವರಿಗೆ ನಾವು ಕೊಟ್ಟ ಮೊದಲ ಸಲಹೆ ಇಷ್ಟೇ: ಹಣವನ್ನು ಕಳುಹಿಸಬೇಡಿ, ನಿಮ್ಮಲ್ಲಿ ಉಳಿದಿರುವ ಎಲ್ಲ ಗರಿಗಳ ಎರಡೂ ಮುಖಗಳ ಛಾಯಾಚಿತ್ರ ಕಳುಹಿಸಿ ಎಂದು ವ್ಯಾಪಾರಿಗೆ ಬರೆಯಿರಿ. ಅವನು ಇಪ್ಪತ್ತಮೂರು ಗರಿಗಳ ಚಿತ್ರಗಳನ್ನು ಕಳುಹಿಸಿದನು. ಅವುಗಳಲ್ಲಿ ಕೊನೆಯ ಗರಿ ಇರಲಿಲ್ಲ. ಕೇಳಿದ್ದಕ್ಕೆ ಬಂದ ಉತ್ತರ: ಕೊನೆಯದರಲ್ಲಿ ಬರಹ ಸ್ವಲ್ಪವೇ ಇತ್ತು, ಹೂವಿನ ರೇಖಾಚಿತ್ರವೊಂದು ಇತ್ತು, ನೋಡಲು ಅಂದವಾಗಿದ್ದುದರಿಂದ ಅದೇ ಎಲ್ಲಕ್ಕಿಂತ ಮೊದಲು ಮಾರಾಟವಾಯಿತು, ಕೊಂಡವರು ಯಾರೆಂದು ನೆನಪಿಲ್ಲ.

ಪ್ರತಿಗಳು ಹೊರನಾಡಿಗೆ ಹೋದ ದಾರಿಗಳು

ಜೈನ ಪ್ರತಿಗಳು ವಿದೇಶಕ್ಕೆ ಹೋದುದೆಲ್ಲ ಒಂದೇ ರೀತಿಯಲ್ಲಿ ಅಲ್ಲ. ಇದನ್ನು ವಿಂಗಡಿಸಿ ನೋಡದೆ ಎಲ್ಲವನ್ನೂ ಕಳ್ಳತನವೆಂದು ದೂಷಿಸುವುದಾಗಲಿ, ಎಲ್ಲವನ್ನೂ ವಿದ್ಯಾಸೇವೆಯೆಂದು ಹೊಗಳುವುದಾಗಲಿ ಸಮಂಜಸವಲ್ಲ.

ಕರ್ನಲ್ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಮೋಜಣಿಯ ಕಾಲದಲ್ಲಿ ಪ್ರತಿಗಳನ್ನೂ ಶಾಸನಗಳ ನಕಲುಗಳನ್ನೂ ಸ್ಥಳವೃತ್ತಾಂತಗಳನ್ನೂ ಸಂಗ್ರಹಿಸಿದನು. ಅವನಿಗೆ ನೆರವಾದವರಲ್ಲಿ ಕಾವಲಿ ಸೋದರರೂ ಧರ್ಮಯ್ಯನೆಂಬ ಜೈನ ವಿದ್ವಾಂಸನೂ ಇದ್ದರು. ರಾಜಾವಳೀಕಥೆಯ ಕರ್ತೃವಾದ ದೇವಚಂದ್ರನಿಗೂ ಅವನ ಸಂಪರ್ಕವಿತ್ತು. ಮೆಕೆಂಜಿ 1821ರಲ್ಲಿ ತೀರಿಕೊಂಡ ಮೇಲೆ ಈಸ್ಟ್ ಇಂಡಿಯಾ ಕಂಪನಿಯು ಅವನ ಸಂಗ್ರಹವನ್ನು ಒಂದು ಲಕ್ಷ ರೂಪಾಯಿಗೆ ಕೊಂಡಿತು. 1828ರಲ್ಲಿ ಎಚ್. ಎಚ್. ವಿಲ್ಸನ್ ಅದರ ಸೂಚಿಯನ್ನು ಪ್ರಕಟಿಸಿದನು. ಸಂಗ್ರಹದ ಒಂದು ಭಾಗ ಲಂಡನ್ನನ್ನು ಸೇರಿತು. ಮದರಾಸಿನಲ್ಲಿ ಉಳಿದ ಭಾಗವು ಅಲ್ಲಿಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದ ಅಡಿಪಾಯಗಳಲ್ಲಿ ಒಂದಾಯಿತು.

ಅನಂತರದ ಕಾಲದಲ್ಲಿ ಮುಂಬಯಿ ಪ್ರಾಂತದಲ್ಲಿದ್ದ ಜಾರ್ಜ್ ಬ್ಯೂಲರ್ ಸರ್ಕಾರದ ಪರವಾಗಿ ಪ್ರತಿಗಳನ್ನು ಅರಸಿದನು. ಅವನ ಮೂಲಕ ಬರ್ಲಿನ್ನಿನ ಗ್ರಂಥಾಲಯಕ್ಕೆ ಸೇರಿದ ಜೈನ ಪ್ರತಿಗಳನ್ನು ಓದಿ ಆಲ್ಬ್ರೆಕ್ಟ್ ವೇಬರ್ ಜೈನಾಗಮಗಳ ಕುರಿತ ತನ್ನ ದೀರ್ಘ ಪ್ರಬಂಧವನ್ನು ಬರೆದನು. 1873–74ರಲ್ಲಿ ಬ್ಯೂಲರನೊಡನೆ ರಾಜಸ್ಥಾನದಲ್ಲಿ ಸಂಚರಿಸಿದ ಹರ್ಮನ್ ಯಾಕೋಬಿಯು 1879ರಲ್ಲಿ ಕಲ್ಪಸೂತ್ರವನ್ನು ಸಂಪಾದಿಸಿದನು. ಅವನ ಸ್ವಂತ ಸಂಗ್ರಹ ಮುಂದೆ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಯಿತು. ಯೂರೋಪಿನ ವಿದ್ವಾಂಸರಿಗೆ ಪ್ರತಿಗಳನ್ನು ಒದಗಿಸಿದ ಸೂರತ್ತಿನ ಭಗವಾನದಾಸ ಕೇವಲದಾಸರಂತಹ ಭಾರತೀಯರೂ ಇದ್ದರೆಂಬುದನ್ನು ಮರೆಯಬಾರದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಹೆನ್ರಿ ವೆಲ್ಕಮ್ಮನ ಪರವಾಗಿ ಪೈರಾ ಮಲ್ಲರು ನಡೆಸಿದ ಸಂಗ್ರಹಕಾರ್ಯದಲ್ಲಿಯೂ ಜೈನ ಪ್ರತಿಗಳು ದೊಡ್ಡ ಸಂಖ್ಯೆಯಲ್ಲಿ ಹೋದುವು.

ಈ ಖರೀದಿಗಳು ನಡೆದುದು ಆಳುವವರಿಗೂ ಆಳಿಸಿಕೊಳ್ಳುವವರಿಗೂ ಸಮಾನತೆಯಿಲ್ಲದ ಕಾಲದಲ್ಲಿ. ಮಾರಿದವರಿಗೆ ಬೇಡವೆನ್ನುವ ಸ್ವಾತಂತ್ರ್ಯ ಎಷ್ಟಿತ್ತು ಎಂಬ ಪ್ರಶ್ನೆ ನ್ಯಾಯವಾದುದೇ. ಆದರೂ ಒಂದು ವ್ಯತ್ಯಾಸವನ್ನು ಒಪ್ಪಬೇಕು. ಆ ವಿದ್ವಾಂಸರು ಕೊಂಡದ್ದು ಓದುವುದಕ್ಕೆ. ಆದಕಾರಣ ಕಟ್ಟುಗಳನ್ನು ಬಿಚ್ಚಿ ಹಂಚಲಿಲ್ಲ, ಸೂಚಿಗಳನ್ನು ಸಿದ್ಧಗೊಳಿಸಿದರು. ಬ್ರಿಟಿಷ್ ಲೈಬ್ರರಿ, ಬ್ರಿಟಿಷ್ ಮ್ಯೂಸಿಯಮ್, ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ ಇವುಗಳ ಜೈನ ಪ್ರತಿಗಳ ಸೂಚಿಯು ನಳಿನಿ ಬಲ್ಬೀರ್ ಮೊದಲಾದವರ ಶ್ರಮದಿಂದ 2006ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದಿದೆ. ಮೂಡುಬಿದಿರೆಯಲ್ಲಿ ಕುಳಿತು ಲಂಡನ್ನಿನ ಪ್ರತಿಯ ಪ್ರಶಸ್ತಿಯನ್ನು ತಿಳಿಯುವುದು ಇದರಿಂದ ಸಾಧ್ಯವಾಗಿದೆ. ಹಳೆವಸ್ತು ಪೇಟೆಯಲ್ಲಿ ಮಾರಾಟವಾದ ಗರಿಯ ವಿಷಯದಲ್ಲಿ ಇಂತಹ ಅನುಕೂಲ ಯಾವುದೂ ಇಲ್ಲ. ಅದು ಒಂದು ಮನೆಯ ಗೋಡೆಯನ್ನು ಸೇರಿದೊಡನೆ ವಿದ್ಯಾಲೋಕದಿಂದ ಮರೆಯಾಗುತ್ತದೆ.

ಕಾನೂನಿನ ನಿಲುವು

ಪ್ರಾಚ್ಯವಸ್ತುಗಳ ರಫ್ತನ್ನು ನಿಯಂತ್ರಿಸುವ ಕಾಯಿದೆಯೊಂದು ಭಾರತದಲ್ಲಿ 1947ರಲ್ಲಿಯೇ ಬಂದಿತು. ಅದರ ಸ್ಥಾನದಲ್ಲಿ ಬಂದ 1972ರ ಪ್ರಾಚ್ಯವಸ್ತುಗಳ ಮತ್ತು ಕಲಾನಿಧಿಗಳ ಕಾಯಿದೆ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ, ಚಿತ್ರ ಮೊದಲಾದುವು ಅದರ ಪ್ರಕಾರ ಪ್ರಾಚ್ಯವಸ್ತುಗಳು. ಶಾಸ್ತ್ರೀಯ, ಐತಿಹಾಸಿಕ, ಸಾಹಿತ್ಯಿಕ ಅಥವಾ ಕಲಾತ್ಮಕ ಮೌಲ್ಯವುಳ್ಳ ಹಸ್ತಪ್ರತಿಗೆ 75 ವರ್ಷವಾಗಿದ್ದರೆ ಸಾಕು. ಅಜ್ಜನ ಕಾಲದ ಲಿಪಿಕಾರನು ಬರೆದ ಪ್ರತಿಯೂ ಹೀಗೆ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ ಎಂಬುದು ಅನೇಕರಿಗೆ ತಿಳಿಯದು. ಇವುಗಳನ್ನು ಹೊರದೇಶಕ್ಕೆ ಸಾಗಿಸುವ ಅಧಿಕಾರವಿರುವುದು ಕೇಂದ್ರ ಸರ್ಕಾರಕ್ಕೆ ಮತ್ತು ಅದು ಅಧಿಕಾರ ಕೊಟ್ಟ ಸಂಸ್ಥೆಗೆ ಮಾತ್ರ. ಉಲ್ಲಂಘಿಸಿದವರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಸೆರೆವಾಸವೂ ದಂಡವೂ ಉಂಟು. ದೇಶದೊಳಗೆ ಇವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಶಿಲ್ಪಗಳನ್ನೂ ಚಿತ್ರಗಳನ್ನೂ ಚಿತ್ರಿತ ಹಸ್ತಪ್ರತಿಗಳನ್ನೂ ಸ್ವಂತದಲ್ಲಿ ಇಟ್ಟುಕೊಂಡವರು ನೋಂದಾಯಿಸಬೇಕು.

ಅಂತರರಾಷ್ಟ್ರೀಯವಾಗಿ ಯುನೆಸ್ಕೋ ಸಂಸ್ಥೆಯ 1970ರ ಒಪ್ಪಂದವಿದೆ. ಭಾರತವು ಅದನ್ನು 1977ರಲ್ಲಿ ಅಂಗೀಕರಿಸಿತು. ಅಮೆರಿಕ ಸಂಯುಕ್ತ ಸಂಸ್ಥಾನ 1983ರಲ್ಲಿ, ಬ್ರಿಟನ್ 2002ರಲ್ಲಿ, ಜರ್ಮನಿ 2007ರಲ್ಲಿ. ಈ ಕಾರಣದಿಂದ ಒಂದು ವಸ್ತು ಭಾರತವನ್ನು ಬಿಟ್ಟದ್ದು ಯಾವಾಗ ಎಂಬ ಪ್ರಶ್ನೆ ಮುಖ್ಯವಾಗುತ್ತದೆ. 1970ಕ್ಕೆ ಮುಂಚೆಯೇ ಹೊರಗೆ ಹೋದುದಕ್ಕೆ ಆಧಾರವಿದೆಯೆ ಎಂದು ಪ್ರತಿಷ್ಠಿತ ವಸ್ತುಸಂಗ್ರಹಾಲಯಗಳು ಈಗ ವಿಚಾರಿಸುವುದು ವಾಡಿಕೆ. ವಿದೇಶದಲ್ಲಿ ಹಣ ಕೊಟ್ಟು, ರಸೀದಿ ಪಡೆದು ಕೊಂಡ ಮಾತ್ರಕ್ಕೆ ವಸ್ತುವಿನ ಹಿಂದಿನ ದೋಷ ಕಳೆಯುವುದಿಲ್ಲ. ಅಂತಹ ವಸ್ತು ಭಾರತಕ್ಕೆ ಮರಳಿ ಬಂದ ಮೇಲೆ ಇಲ್ಲಿಯ ಕಾಯಿದೆಗೆ ಒಳಪಡುತ್ತದೆ; ತಂದವರು ಅದನ್ನು ಮತ್ತೆ ತಮ್ಮ ಇಚ್ಛೆಯಂತೆ ಹೊರಗೆ ಒಯ್ಯುವಂತಿಲ್ಲ.

ಪ್ರತಿಯ ಪಟ್ಟಾವಳಿ

ಮುನಿಪರಂಪರೆಯ ಪ್ರಾಮಾಣ್ಯವನ್ನು ನಾವು ಪಟ್ಟಾವಳಿಯಿಂದ ತಿಳಿಯುತ್ತೇವೆ. ಯಾವ ಆಚಾರ್ಯರಿಂದ ಯಾವ ಶಿಷ್ಯರಿಗೆ ಪಟ್ಟ ಬಂದಿತೆಂಬ ಸಾಲು ನಡುವೆ ಕಡಿದಿದ್ದರೆ ವಿದ್ವಾಂಸರು ಅಲ್ಲಿಯೇ ನಿಂತು ವಿಚಾರಿಸುತ್ತಾರೆ. ಪ್ರತಿಗೂ ಇಂತಹ ಒಂದು ಪಟ್ಟಾವಳಿ ಇರಬೇಕು. ಬರೆಯಿಸಿದವರು ಯಾರು, ಯಾವ ಬಸದಿಯಲ್ಲಿತ್ತು, ಯಾರ ಮನೆಗೆ ಹೋಯಿತು, ಯಾವ ವರ್ಷ ಸಮುದ್ರ ದಾಟಿತು, ಈಗಿನ ವ್ಯಾಪಾರಿಗೆ ಯಾರಿಂದ ಬಂದಿತು ಎಂಬುದನ್ನು ಪರದೇಶದ ಅಂಗಡಿಯಲ್ಲಿ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು. ‘ಹಳೆಯ ಖಾಸಗಿ ಸಂಗ್ರಹದಿಂದ ಬಂದದ್ದು’ ಎಂಬುದು ಉತ್ತರವಲ್ಲ. ಹೊರಮಾವಿನವರಿಗೆ ದೊರೆತ ಉತ್ತರವೂ ಇದೇ ಆಗಿತ್ತು.

ಉತ್ತರ ಸಮರ್ಪಕವಾಗಿಲ್ಲದಿದ್ದರೆ ಕೊಳ್ಳಬಾರದು. ಆದರೆ ಸುಮ್ಮನೆ ಹಿಂದಿರುಗಲೂ ಬಾರದು. ಎಲ್ಲ ಗರಿಗಳ ಛಾಯಾಚಿತ್ರ, ಉದ್ದ ಅಗಲ, ಪತ್ರಾಂಕಗಳು, ಪ್ರತಿ ಪುಟದ ಸಾಲುಗಳ ಸಂಖ್ಯೆ, ಅಂಗಡಿಯ ವಿಳಾಸ, ನೋಡಿದ ದಿನ ಇವುಗಳನ್ನು ಗುರುತು ಹಾಕಿಕೊಂಡು ಬಂದು ಶ್ರವಣಬೆಳಗೊಳ, ಮೂಡುಬಿದಿರೆ, ಧರ್ಮಸ್ಥಳ ಮೊದಲಾದೆಡೆಗಳ ಸಂಶೋಧನ ಸಂಸ್ಥೆಗಳಲ್ಲಿ ಒಂದಕ್ಕೆ ತಿಳಿಸಬೇಕು. ಪಾಠ ಮತ್ತು ಪ್ರಶಸ್ತಿ ಇವುಗಳನ್ನು ಉಳಿಸಿಕೊಳ್ಳಲು ಹಣ ಬೇಕಾಗಿಲ್ಲ. ಕಳವಿನ ಮಾಲೆಂಬ ಶಂಕೆಯಿದ್ದರೆ ಅಲ್ಲಿಯ ಭಾರತೀಯ ರಾಯಭಾರ ಕಚೇರಿಗೆ ತಿಳಿಸುವುದು ಮುಂದಿನ ಹೆಜ್ಜೆ.

“ಹಾಗಾದರೆ ಶಾಸ್ತ್ರವನ್ನು ಅಲ್ಲಿಯೇ ಬಿಟ್ಟುಬಿಡುವುದೆ?” ಎಂಬ ಅಜ್ಜಿಯ ಆಕ್ಷೇಪಕ್ಕೆ ಇದು ಪೂರ್ಣ ಸಮಾಧಾನವಲ್ಲವೆಂದು ಬಲ್ಲೆವು. ಆದರೆ ಒಂದು ಗರಿಗೆ ಒಳ್ಳೆಯ ಬೆಲೆ ಬಂದಿತೆಂದರೆ ವ್ಯಾಪಾರಿಯು ಮತ್ತೊಂದು ಕಟ್ಟನ್ನು ಬಿಚ್ಚುತ್ತಾನೆ. ಆ ಕಟ್ಟು ಎಲ್ಲಿಂದಲೋ ಬರಬೇಕು. ಬಸದಿಯ ಪೆಟ್ಟಿಗೆಯಿಂದಲೋ, ಓದಬಲ್ಲವರಿಲ್ಲದ ಮನೆಯ ಅಟ್ಟದಿಂದಲೋ ಬರುತ್ತದೆ. ಭಕ್ತಿಯಿಂದ ಕೊಟ್ಟ ಹಣಕ್ಕೂ ಅಲಂಕಾರಕ್ಕಾಗಿ ಕೊಟ್ಟ ಹಣಕ್ಕೂ ಪೇಟೆಯಲ್ಲಿ ಭೇದವಿಲ್ಲ.

ಕೊಳ್ಳಲೇಬೇಕಾದ ಸಂದರ್ಭವೂ ಇರಬಹುದು. ಪ್ರತಿಯ ಹೊರಹೋಗುವಿಕೆಗೆ ಹಳೆಯ ದಾಖಲೆ ಇದ್ದು, ಕಟ್ಟು ಸಮಗ್ರವಾಗಿದ್ದು, ಅದನ್ನು ಒಡೆಯದೆ ಕೊಡಲು ಮಾರುವವನು ಒಪ್ಪಿದರೆ, ವ್ಯಕ್ತಿಯ ಬದಲು ಸಂಸ್ಥೆಯ ಹೆಸರಿನಲ್ಲಿ, ಕಾನೂನು ಬಲ್ಲವರ ಸಲಹೆ ಪಡೆದು ಕೊಳ್ಳುವುದು ಲೇಸು. ತರುವಾಗ ಸುಂಕದ ಅಧಿಕಾರಿಗಳ ಮುಂದೆ ಇರುವುದನ್ನು ಇದ್ದಂತೆ ಘೋಷಿಸಬೇಕು.

ಮನೆಯಲ್ಲಿ ಆಗಬೇಕಾದ ಕಾರ್ಯ

ವಿದೇಶದ ಪೇಟೆಯ ವಿಚಾರ ಕೊನೆಗೆ ನಮ್ಮ ಭಂಡಾರದ ಬಾಗಿಲಿಗೇ ಬಂದು ನಿಲ್ಲುತ್ತದೆ. ಹೊರಮಾವಿನ ಗರಿಗಳು ಯಾವ ಊರಿನವೆಂದು ಗುರುತಿಸಲು ನಾವು ಮುದ್ರಿತ ಸೂಚಿಗಳನ್ನು ನೋಡಿದೆವು. ಪಂ. ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ 1948ರಲ್ಲಿ ಪ್ರಕಟವಾದುದು. ಮೂಡುಬಿದಿರೆ, ಕಾರ್ಕಳ ಮೊದಲಾದೆಡೆಗಳ ಭಂಡಾರಗಳ ವಿಷಯದಲ್ಲಿ ಇಂದಿಗೂ ಅದು ನಮಗೆ ಕೈದೀಪ. ಅಂತಹ ಸೂಚಿಯಲ್ಲಿ ಪತ್ರಸಂಖ್ಯೆ, ಅಳತೆ, ಪ್ರಶಸ್ತಿ ದಾಖಲಾಗಿರುವ ಪ್ರತಿ ಕಾಣೆಯಾದರೆ ಹುಡುಕಲು ದಾರಿಯಿದೆ. ಮನೆತನಗಳಲ್ಲಿಯೂ ಸಣ್ಣ ಬಸದಿಗಳಲ್ಲಿಯೂ ಇರುವ ಅಸಂಖ್ಯ ಕಟ್ಟುಗಳು ಯಾವ ಸೂಚಿಯಲ್ಲಿಯೂ ಸೇರಿಲ್ಲ. ನಮ್ಮ ಐದು ಗರಿಗಳಿಗೆ ಹೊಂದುವ ಪ್ರತಿ ಯಾವ ಸೂಚಿಯಲ್ಲಿಯೂ ಸಿಗಲಿಲ್ಲ. ಯಾರದೆಂದು ತೋರಿಸಲಾಗದ ವಸ್ತುವನ್ನು ನಮ್ಮದೆಂದು ಕೇಳುವುದು ಹೇಗೆ?

ದಾಖಲೆಯ ಬಲವನ್ನು ತಮಿಳುನಾಡಿನ ಉದಾಹರಣೆ ತೋರಿಸುತ್ತದೆ. ಶ್ರೀಪುರಂದಾನ್ ದೇವಾಲಯದಿಂದ ಕಳವಾಗಿ ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾಸಂಗ್ರಹವನ್ನು ಸೇರಿದ್ದ ನಟರಾಜ ವಿಗ್ರಹವು 2014ರಲ್ಲಿ ಭಾರತಕ್ಕೆ ಮರಳಿತು. ಅದನ್ನು ಗುರುತಿಸಲು ನೆರವಾದುದು ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದ್ದ ಹಳೆಯ ಛಾಯಾಚಿತ್ರ. 2021ರಲ್ಲಿ ಅಮೆರಿಕವು ಭಾರತಕ್ಕೆ ಒಪ್ಪಿಸಿದ 157 ವಸ್ತುಗಳಲ್ಲಿ ಜೈನಧರ್ಮಕ್ಕೆ ಸಂಬಂಧಿಸಿದ ಒಂಬತ್ತು ಮೂರ್ತಿಗಳಿದ್ದುವು. ನಮ್ಮ ನಾಡಿನಲ್ಲಿಯೂ 2013ರ ಜುಲೈ ತಿಂಗಳಿನಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಬೆಲೆಬಾಳುವ ಜಿನಬಿಂಬಗಳು ಕಳವಾದುವು. ಬಿಂಬಕ್ಕೆ ಬಂದ ಅಪಾಯ ಊರಿಗೆಲ್ಲ ತಿಳಿಯುತ್ತದೆ; ಪೆಟ್ಟಿಗೆಯೊಳಗಿನ ಓಲೆಕಟ್ಟು ಇಲ್ಲವಾದುದು ಎಷ್ಟೋ ವರ್ಷ ಯಾರಿಗೂ ತಿಳಿಯುವುದಿಲ್ಲ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು 2003ರಲ್ಲಿ ಆರಂಭವಾದಂದಿನಿಂದ ದಾಖಲೆಯ ಕಾರ್ಯಕ್ಕೆ ಚಾಲನೆ ದೊರೆತಿದೆ. ಅದು ಎಲ್ಲ ಮನೆಗಳಿಗೂ ತಲಪುವವರೆಗೆ ಕಾಯಬೇಕಾಗಿಲ್ಲ. ಶ್ರುತಪಂಚಮಿಯ ದಿನ ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ವಸ್ತ್ರ ಬದಲಿಸಿ ಪೂಜಿಸುವ ಸಂಪ್ರದಾಯ ನಮ್ಮಲ್ಲಿದೆ. ಅಂದು ಪ್ರತಿಯೊಂದು ಕಟ್ಟಿನ ಮೊದಲ ಗರಿ, ಕೊನೆಯ ಗರಿ ಇವೆರಡರ ಚಿತ್ರ ತೆಗೆದು, ಗರಿಗಳನ್ನು ಎಣಿಸಿ, ಅಳತೆಯನ್ನು ಬರೆದು, ಒಂದು ನಕಲನ್ನು ಮನೆಯಲ್ಲಿಯೂ ಇನ್ನೊಂದನ್ನು ಸಂಶೋಧನ ಸಂಸ್ಥೆಯಲ್ಲಿಯೂ ಇಟ್ಟರೆ ಸಾಕು. ಹಳೆಯ ಲಿಪಿಯನ್ನು ಓದಲು ಬಾರದವರೂ ಇಷ್ಟನ್ನು ಮಾಡಬಹುದು.

ಹೊರಮಾವಿನ ಕುಟುಂಬದವರು ಉಳಿದ ಗರಿಗಳನ್ನು ಕೊಳ್ಳಲಿಲ್ಲ. ಐದು ಗರಿಗಳನ್ನೂ ಇಪ್ಪತ್ತಮೂರು ಗರಿಗಳ ಚಿತ್ರಗಳನ್ನೂ ಮಾರಿದಾತನ ಪತ್ರಗಳನ್ನೂ ಒಟ್ಟಿಗೆ ಸಂಸ್ಥೆಯೊಂದಕ್ಕೆ ಒಪ್ಪಿಸಲು ನಿಶ್ಚಯಿಸಿದರು. ಗರಿಗಳನ್ನು ಬಿಟ್ಟುಕೊಡುವುದು ಅಜ್ಜಿಗೆ ಸುಲಭವಾಗಲಿಲ್ಲ. ಕೊನೆಗೆ ಅವರು ಮೊಮ್ಮಗನಿಂದ ತಮ್ಮೂರಿನ ಹಳೆಯ ಮನೆಗೆ ಫೋನು ಮಾಡಿಸಿ, ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿದ್ದ ಕಟ್ಟುಗಳು ಈಗಲೂ ಇವೆಯೇ ಎಂದು ವಿಚಾರಿಸಿದರು. ಮೂರು ಕಟ್ಟುಗಳಿವೆಯೆಂದು ಉತ್ತರ ಬಂದಿತು. ಮೊದಲು ಎಷ್ಟಿದ್ದುವೆಂಬುದು ಯಾರಿಗೂ ನೆನಪಿರಲಿಲ್ಲ.